ಜೇಬಿನಲ್ಲಿದ್ದ ಗಾಳಿ

ಬೀದಿಯವರೆಲ್ಲ ಅವರನ್ನು ಸಣ್ಣಮುಳ್ಳು ಎಂದೇ ಕರೆಯುತ್ತಿದ್ದರು. ಗಡಿಯಾರ ರಿಪೇರಿ ಮಾಡುವವರಾದ್ದರಿಂದ ಆ ಹೆಸರು ಅಂಟಿಕೊಂಡಿರಬೇಕು ಎಂದು ಹೊಸಬರು ತಿಳಿಯುತ್ತಿದ್ದರು. ಹಳಬರಿಗೆ ಅಸಲಿ ಕಾರಣ ಗೊತ್ತಿತ್ತು. ಆ ಮನೆಯಲ್ಲಿ ಇನ್ನೊಂದು ಮುಳ್ಳಿತ್ತು; ಅದು ಇಡೀ ಸುತ್ತು ಓಡಿ ಬರುವಷ್ಟರಲ್ಲಿ ಇವರು ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ತೆವಳುತ್ತಿದ್ದರು. ಆದರೆ ಹೆಂಡತಿಯನ್ನು ದೊಡ್ಡಮುಳ್ಳು ಎಂದು ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಆಕೆ ಆಸ್ಪತ್ರೆಯ ತುರ್ತು ವಾರ್ಡಿನ ಹೆಡ್ ನರ್ಸ್. ಕಾರಿಡಾರಿನ ಆ ತುದಿಯಲ್ಲಿ ಆಕೆ ಕಾಣಿಸಿಕೊಂಡರೆ ಈ ತುದಿಯಲ್ಲಿ ಎಳೆಯ ಡಾಕ್ಟರುಗಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಸಣ್ಣಮುಳ್ಳಿನ ಅಂಗಡಿ ಎಂದರೆ ಒಬ್ಬ ಮನುಷ್ಯ ಕೂತು ಮೊಣಕೈ ಚಾಚಿದರೆ ಎರಡೂ ಗೋಡೆಗೆ ತಾಗುವಷ್ಟು ಜಾಗ. ಒಂದು ಪಕ್ಕದಲ್ಲಿ ಆಟಿಕೆ ಅಂಗಡಿ, ಇನ್ನೊಂದು ಪಕ್ಕದಲ್ಲಿ ಕೀ ಮಾಡುವವನು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದರೆಂದರೆ ಲೋಕ ಮುಳುಗಿದರೂ ಅವರಿಗೆ ತಿಳಿಯದು. ಗಿರಾಕಿ ರೇಗಿದರೂ ಅಷ್ಟೇ, ಮನೆಯಲ್ಲಿ ದನಿ ಏರಿದರೂ ಅಷ್ಟೇ, ತಲೆ ಬಗ್ಗಿಸುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರು ಬೇಕಾದಷ್ಟು ಜನ. ಇವರಿಗೆ ಕೋಲೂ ಮುರಿಯಬಾರದು, ಹಾವೂ ಸಾಯಬಾರದು. ಸಾಧ್ಯವಾದರೆ ಎರಡೂ ಕೂತು ಟೀ ಕುಡಿಯಬೇಕು.

ಹಾಗೆ ಬದುಕುವವರಿಗೆ ಸಣ್ಣಪುಟ್ಟ ಸುಳ್ಳುಗಳು ಬೇಕಾಗುತ್ತವೆ. ಮಗಳು ಚಿಕ್ಕವಳಿದ್ದಾಗ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಏಣಿ ಹತ್ತಿ ಬಿದ್ದು ಕೈ ಮುರಿದುಕೊಂಡಳು. ‘ಮೆಟ್ಟಿಲ ಮೇಲೆ ಜಾರಿದಳು’ ಎಂದು ಹೆಂಡತಿಗೆ ಹೇಳಿ ಇವರು ಆ ದಿನದ ಜಗಳ ತಪ್ಪಿಸಿದ್ದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಕಿರುಗುಟ್ಟುವ ಬಾಗಿಲಿಗೆ ಎರಡು ಹನಿ ಎಣ್ಣೆ ಬಿಟ್ಟ ಹಾಗೆ, ಅಷ್ಟೇ.

ಆ ಮಗಳು ದೊಡ್ಡವಳಾಗಿ ಎಲೆಕ್ಟ್ರಿಕಲ್ ಕೆಲಸ ಕಲಿತಳು. ಆಸ್ಪತ್ರೆಯ ಜನರೇಟರ್ ಕೋಣೆಯಲ್ಲಿ ತಾಯಿ ಅವಳಿಗೊಂದು ಕೆಲಸ ಗೊತ್ತುಮಾಡಿದಳು. ಮಗಳು ಬೇರೆಯದನ್ನು ಗೊತ್ತುಮಾಡಿಕೊಂಡು ಬಂದಳು: ದೂರದ ಬಯಲಿನಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳ ರಿಪೇರಿ. ಕಂಬದ ಒಳಗಿನ ಏಣಿ ಹತ್ತಿ, ತುದಿಯ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಕೆಲಸ. ಕೆಲವೊಮ್ಮೆ ಹಗ್ಗ ಕಟ್ಟಿಕೊಂಡು ಹೊರಗೂ ಇಳಿಯಬೇಕು.

“ಆ ಕಂಬ ಹತ್ತೋಳು ಈ ಮನೆ ಮೆಟ್ಟಿಲು ಹತ್ತೋದು ಬೇಡ” ಎಂದಳು ತಾಯಿ.

“ಸರಿ” ಎಂದು ಮಗಳು ಬ್ಯಾಗು ಹೆಗಲಿಗೇರಿಸಿದಳು. ತಾಯಿಯ ಹಟ ಮಗಳಿಗೆ ಬಾರದೆ ಪಕ್ಕದ ಮನೆಯವರಿಗೆ ಬಂದೀತೇ?

ಅಂದಿನಿಂದ ಅವರಿಬ್ಬರ ನಡುವಿನ ಅಂಚೆಯವರು ಸಣ್ಣಮುಳ್ಳು. ತಲುಪಿದ ಮಾತುಗಳನ್ನು ಹಾಗೇ ದಾಟಿಸುವ ಅಂಚೆಯವರಲ್ಲ ಅವರು. ಮಗಳು ಫೋನಿನಲ್ಲಿ ಕೂಗಾಡಿದರೆ ‘ನಿನ್ನ ಆರೋಗ್ಯ ವಿಚಾರಿಸಿದಳು’ ಎಂದು ಹೆಂಡತಿಗೆ ಹೇಳುವರು. ಹೆಂಡತಿ ಮುಖ ತಿರುಗಿಸಿದರೆ ‘ಅಮ್ಮ ನಿನ್ನ ನೆನೆಸಿಕೊಂಡು ಊಟ ಬಿಟ್ಟಳು’ ಎಂದು ಮಗಳಿಗೆ ಹೇಳುವರು. ಚಳಿಗಾಲದಲ್ಲಿ ತಾವೇ ಒಂದು ಸ್ವೆಟರ್ ಕೊಂಡು ಅಮ್ಮನ ಹೆಸರಿನಲ್ಲಿ ಕಳಿಸಿದರು. ಕಡೆಗೆ ಒಂದು ದಿನ, ಹೆಂಡತಿ ರಾತ್ರಿಯೆಲ್ಲ ಹಾಸಿಗೆಯಲ್ಲಿ ಎದ್ದು ಕೂರುವುದನ್ನು ನೋಡಲಾರದೆ, ದೊಡ್ಡದೊಂದನ್ನೇ ಹೇಳಿಬಿಟ್ಟರು.

“ಅವಳೀಗ ಕಂಬ ಹತ್ತೋದಿಲ್ವಂತೆ ಕಣೇ. ಕೆಳಗೆ ಆಫೀಸಲ್ಲಿ ಹಾಕಿದಾರೆ. ಕಂಪ್ಯೂಟರ್ ಮುಂದೆ ಕೂರೋ ಕೆಲಸ.”

ಅಂದು ರಾತ್ರಿ ಆಕೆ ಗೊರಕೆ ಹೊಡೆದು ಮಲಗಿದಳು. ಮುಂದಿನ ವಾರ ಇವರು ಮಗಳಿಗೆ ಫೋನು ಮಾಡಿದರು. “ಅಮ್ಮ ಒಪ್ಪಿದಾಳೆ ಪುಟ್ಟಿ. ಆದ್ರೆ ಬಂದಾಗ ಆ ಮಾತು ಮಾತ್ರ ಎತ್ಬೇಡ. ಅವಳ ಸ್ವಭಾವ ಗೊತ್ತಲ್ಲ, ಮುಜುಗರ ಪಡ್ತಾಳೆ.”

ಎರಡು ಸುಳ್ಳುಗಳೂ ಒಂದನ್ನೊಂದು ಭೇಟಿಯಾಗದೆ ಇದ್ದಷ್ಟು ಕಾಲ ಎಲ್ಲವೂ ಚೆನ್ನಾಗಿತ್ತು. ಆದರೆ ಮಗಳು ಬರುತ್ತೇನೆ ಎಂದಳು. ಭಾನುವಾರ ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ವಾಪಸ್ಸು. ಆ ಇಡೀ ದಿನ ಇಬ್ಬರನ್ನೂ ಒಂದೇ ಕೋಣೆಯಲ್ಲಿಟ್ಟು, ಕೆಲಸದ ಮಾತು ಬಾರದ ಹಾಗೆ ನೋಡಿಕೊಳ್ಳಬೇಕು. ಅದಕ್ಕಿಂತ ಹಾವು-ಮುಂಗುಸಿಯನ್ನು ಒಂದು ಬುಟ್ಟಿಯಲ್ಲಿಟ್ಟು ಹೊತ್ತು ತರುವುದು ಸುಲಭ.

ಪಕ್ಕದ ಆಟಿಕೆ ಅಂಗಡಿಯವಳ ಮುಂದೆ ಅವರು ಕಷ್ಟವನ್ನು ಅರ್ಧ ಮಾತ್ರ ಹೇಳಿಕೊಂಡರು. “ನಾಲ್ಕು ಜನ ಕೂತು ಆಡೋ ಅಂಥದ್ದು ಏನಾದ್ರೂ ಇದೆಯೇನಮ್ಮ? ಜಗಳ ಆಗಬಾರದು.”

ಆಕೆ ಮೇಲಿನ ಕಪಾಟಿನಿಂದ ಅಗಲವಾದ ಡಬ್ಬವೊಂದನ್ನು ಇಳಿಸಿದಳು. “ಇದು ತಗೊಳ್ಳಿ. ಇದರಲ್ಲಿ ಎದುರಾಳೀನೇ ಇಲ್ಲ. ನಾಲ್ಕೂ ಜನ ಒಂದೇ ಕಡೆ. ಗೆದ್ರೆ ಎಲ್ಲರೂ ಗೆಲ್ತೀರಿ, ಸೋತ್ರೆ ಎಲ್ಲರೂ ಸೋಲ್ತೀರಿ.”

“ಮತ್ತೆ ಆಡೋದು ಯಾರ ವಿರುದ್ಧ?”

“ಭೂಮಿ ಬಿಸಿ ಆಗ್ತಾ ಇದೆಯಲ್ಲ, ಅದರ ವಿರುದ್ಧ. ಅದು ವಾಪಸ್ಸು ಬೈಯಲ್ಲ ಬಿಡಿ.”

ಎದುರಾಳಿ ಇಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸಣ್ಣಮುಳ್ಳಿಗೆ ಬೇರೇನೂ ಕೇಳಿಸಲಿಲ್ಲ. ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು.

ಭಾನುವಾರ ಬೆಳಿಗ್ಗೆ, ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಊಟದ ಮೇಜಿನ ಮೇಲೆ ಅವರು ಡಬ್ಬ ಬಿಚ್ಚಿದರು. ನಾಲ್ಕು ಭಾಗವಾಗಿ ಮಡಚಿದ ದುಂಡನೆಯ ಭೂಮಿ. ಕಪ್ಪು ಗೂಟಗಳು, ಹಸಿರು ಬಿಲ್ಲೆಗಳು. ಬದಿಯಲ್ಲಿ ಜ್ವರ ನೋಡುವ ಕಡ್ಡಿಯಂಥ ಪಟ್ಟಿ, ಅದರ ಮೇಲೆ ಸರಿಯುವ ಕೆಂಪು ಮಣಿ. ಚೆನ್ನಾಗಿದೆ ಎಂದುಕೊಂಡು ಕಾರ್ಡುಗಳ ಕಟ್ಟು ತಿರುವಿದರು. ಕಾಡು, ಬಿಸಿಲು, ಬಸ್ಸು, ಬೀಜ... ಆಮೇಲಿನ ಕಾರ್ಡಿಗೆ ಕೈ ಅಲ್ಲೇ ನಿಂತಿತು. ಬಿಳಿಯ ಕಂಬ, ಮೂರು ರೆಕ್ಕೆ. ರೆಕ್ಕೆಯ ಬುಡದಲ್ಲಿ ಹಗ್ಗ ಕಟ್ಟಿಕೊಂಡು ನೇತಾಡುವ ಪುಟ್ಟ ಆಕೃತಿ, ತಲೆಗೆ ಹಳದಿ ಹೆಲ್ಮೆಟ್. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಗಾಳಿ’. ಅಂಥವು ಒಂದಲ್ಲ, ನಾಲ್ಕು.

ಅಡುಗೆಮನೆಯಿಂದ ಹೆಜ್ಜೆಯ ಸದ್ದು ಬಂತು. ಯೋಚಿಸಲು ಪುರುಸೊತ್ತಿರಲಿಲ್ಲ. ನಾಲ್ಕನ್ನೂ ಎಳೆದು ಅಂಗಿಯ ಜೇಬಿಗೆ ತುರುಕಿ ಮೇಲೆ ಕರವಸ್ತ್ರ ಇಟ್ಟುಕೊಂಡರು. ಇಷ್ಟೊಂದು ಕಾರ್ಡುಗಳಿವೆ, ನಾಲ್ಕು ಇಲ್ಲದಿದ್ದರೆ ಭೂಮಿಯೇನೂ ಮುಳುಗಿ ಹೋಗುವುದಿಲ್ಲ.

“ಸರೀರಿ, ನಾನು ಜೋಡಿಸ್ತೀನಿ. ನೀವು ಜೋಡಿಸಿದ್ರೆ ಸಾಯಂಕಾಲ ಆಗುತ್ತೆ” ಎಂದು ಹೆಂಡತಿ ಕುರ್ಚಿ ಎಳೆದುಕೊಂಡಳು. ಆಪರೇಷನ್ನಿಗೆ ಕತ್ತರಿ ಚಾಕು ಜೋಡಿಸುವ ಹಾಗೆ ಗೂಟ, ಬಿಲ್ಲೆ, ಕಾರ್ಡು ಎಲ್ಲವನ್ನೂ ಸಾಲಾಗಿ ಇಟ್ಟಳು. ಒಂದೊಂದನ್ನು ಇಡುವಾಗಲೂ ಬಾಗಿಲ ಕಡೆ ಕಣ್ಣು ಹೋಗಿ ಬರುತ್ತಿತ್ತು.

ಮಗಳು ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ತೋಳು ಗಟ್ಟಿಯಾಗಿತ್ತು. ತಾಯಿ ಮೆಟ್ಟಿಲ ಮೇಲೇ ನಿಂತಿದ್ದಳು. ಪಕ್ಕಕ್ಕೆ ಸರಿದು, “ಚಪ್ಪಲಿ ಒಳಗೇ ಬಿಡು. ಹೊರಗೆ ನಾಯಿ ಎಳ್ಕೊಂಡು ಹೋಗುತ್ತೆ” ಎಂದಳು. ಅಷ್ಟೇ.

ಕೆಳಗಿನ ಮನೆಯಿಂದ ಸಣ್ಣಮುಳ್ಳಿನ ಅಕ್ಕನೂ ಬಂದು ಕೂತಳು. ಗಂಡನಿಲ್ಲದ, ಮಕ್ಕಳಿಲ್ಲದ, ಬಾಯಿಗೆ ಬೀಗವೂ ಇಲ್ಲದ ಹೆಂಗಸು. ಬೇಕಾದ್ದಕ್ಕೆ ಕಿವಿ ಚುರುಕು, ಬೇಡದ್ದಕ್ಕೆ ಕಿವುಡು.

ಊಟದ ಹೊತ್ತಿಗೇ ಒಂದು ಗಂಡಾಂತರ ಕಳೆಯಿತು. ತಾಯಿ ಅನ್ನ ಬಡಿಸುತ್ತ ಮೆಲ್ಲಗೆ ಕೇಳಿದಳು: “ಕೂತು ಕೂತು ಬೆನ್ನು ನೋಯಲ್ವೇನೇ? ಕುರ್ಚಿ ಚೆನ್ನಾಗಿದೆಯಾ?”

“ಯಾವ ಕುರ್ಚಿ?” ಎಂದಳು ಮಗಳು.

“ಬಸ್ಸಿಂದು!” ಸಣ್ಣಮುಳ್ಳು ನಡುವೆ ಬಾಯಿ ಹಾಕಿದರು. “ಬಸ್ಸಿನ ಕುರ್ಚಿ ಕೇಳ್ತಿದಾಳೆ. ಅಷ್ಟು ದೂರದಿಂದ ಕೂತು ಬಂದಿದೀಯಲ್ಲ.”

ಹೆಂಡತಿ ಇವರನ್ನೇ ನೋಡಿದಳು. ಇವರು ತಟ್ಟೆಯಲ್ಲಿ ಏನೋ ಬಿದ್ದಿದೆ ಎಂಬಂತೆ ತಲೆ ಬಗ್ಗಿಸಿದರು.

ಕೈ ತೊಳೆದ ಕೂಡಲೇ ಎಲ್ಲರನ್ನೂ ಆಟದ ಮುಂದೆ ಕೂರಿಸಿದರು. ಮಗಳು ನಿಯಮದ ಪುಸ್ತಕ ಓದಿ ಹೇಳಿದಳು. ಒಬ್ಬೊಬ್ಬರಿಗೆ ಭೂಮಿಯ ಒಂದೊಂದು ಭಾಗ. ಕಪ್ಪು ಗೂಟವೆಂದರೆ ಹೊಗೆ, ಹಸಿರು ಬಿಲ್ಲೆಯೆಂದರೆ ಆಪತ್ತಿನಿಂದ ಜನರನ್ನು ಕಾಯುವ ರಕ್ಷೆ. ಕಾರ್ಡು ಹಾಕಿ ಗೂಟ ಕೀಳಬೇಕು. ಸುತ್ತು ಮುಗಿದಾಗ ಉಳಿದ ಗೂಟಗಳಷ್ಟು ಕೆಂಪು ಮಣಿ ಮೇಲೇರುತ್ತದೆ. ಅದು ತುದಿ ಮುಟ್ಟಿದರೆ ಎಲ್ಲರ ಕಥೆಯೂ ಮುಗಿಯಿತು. ಕೈಯಲ್ಲಿರುವ ಕಾರ್ಡನ್ನು ಬೇರೆಯವರಿಗೆ ತೋರಿಸುವ ಹಾಗಿಲ್ಲ, ಬಾಯಲ್ಲಿ ಹೇಳಬಹುದು.

ಮೊದಲ ಸುತ್ತುಗಳು ಹಬ್ಬದ ಹಾಗೆ ನಡೆದವು. ದೊಡ್ಡಮುಳ್ಳು ಐದು ನಿಮಿಷದಲ್ಲಿ ಇಡೀ ಭೂಮಿಯನ್ನು ತನ್ನ ವಾರ್ಡು ಮಾಡಿಕೊಂಡಳು. “ಅತ್ತಿಗೆ, ನಿಮ್ಮ ಕಾಡು ಅಲ್ಲಿ ಬೇಡ, ಇಲ್ಲಿ ಹಾಕಿ. ರೀ, ನಿಮ್ಮ ಹತ್ರ ಬಸ್ಸಿದೆ ಅಂದ್ರಲ್ಲ, ಈಗ ಬಿಡಿ, ಯಾರಿಗೆ ಕಾಯ್ತಿದೀರಾ?” ಪ್ರವಾಹದ ಕಾರ್ಡು ಬಂದಾಗ ಮಗಳು ತನ್ನ ಬಿಲ್ಲೆಗಳನ್ನು ತಾಯಿಯ ಭಾಗಕ್ಕೆ ದಾಟಿಸಿದಳು. “ತಗೋ ಅಮ್ಮ, ನಿನ್ನ ಜನ ಮುಳುಗ್ತಿದಾರೆ.” ತಾಯಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಸಣ್ಣಮುಳ್ಳಿಗೆ ತಾವು ಭಾರಿ ಜಾಣರೆನ್ನಿಸಿತು.

ಆಮೇಲೆ ಮಗಳು ಪುಸ್ತಕದ ಪುಟ ತಿರುವಿದಳು.

“ಇನ್ಮೇಲೆ ರಾತ್ರಿ ಸುತ್ತು. ಬಿಸಿಲಿನ ಕಾರ್ಡು ಹಗಲಿಗೆ ಮಾತ್ರ ನಡಿಯುತ್ತೆ. ರಾತ್ರಿ ದೀಪ ಉರೀಬೇಕು ಅಂದ್ರೆ ಒಂದೋ ಕಪ್ಪು ಗೂಟ ವಾಪಸ್ಸು ನೆಡಬೇಕು, ಇಲ್ಲಾ ಗಾಳಿ ಕಾರ್ಡು ಹಾಕ್ಬೇಕು.”

ಸಣ್ಣಮುಳ್ಳು ಕೈಯಲ್ಲಿದ್ದ ಕಾರ್ಡುಗಳ ಮೇಲೆ ತಲೆ ಬಗ್ಗಿಸಿದರು.

“ಯಾರ ಹತ್ರ ಇದೆ ಗಾಳಿ?” ಮಗಳು ಕೇಳಿದಳು. ಸಹಜವಾಗಿ ಕೇಳಲು ಪ್ರಯತ್ನಿಸಿದ್ದಳು, ಆದರೂ ತಾಯಿಯ ಮುಖ ನೋಡಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ನಾಲ್ಕು ಗೂಟ ವಾಪಸ್ಸು ನೆಟ್ಟರು. ಮಣಿ ನಾಲ್ಕು ಮನೆ ಏರಿತು. ಮುಂದಿನ ಸುತ್ತಿನಲ್ಲೂ ಬರಲಿಲ್ಲ. ಮಣಿ ಮತ್ತೆ ಏರಿತು. ಒಬ್ಬೊಬ್ಬರು ಕಾರ್ಡು ಎಳೆಯುವಾಗಲೂ ಉಳಿದವರು ಬಗ್ಗಿ ಅವರ ಮುಖ ನೋಡುತ್ತಿದ್ದರು. ಎದೆಯ ಮೇಲಿದ್ದ ನಾಲ್ಕು ಕಾರ್ಡುಗಳು ಸಣ್ಣಮುಳ್ಳಿಗೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿದ್ದವು. ಎದ್ದು ಹೋಗಿ, ಬರುವಾಗ ಮೆಲ್ಲಗೆ ಕಟ್ಟಿನೊಳಗೆ ಸೇರಿಸಿಬಿಡಲೇ? ಎದ್ದರು.

“ಕೂತ್ಕೊಳ್ರೀ. ನಿಮ್ಮ ಸರದಿ” ಎಂದಳು ಹೆಂಡತಿ. ಕೂತರು.

“ಇದೇನೇ ಇದು” ಎಂದು ಅಕ್ಕ ಗೊಣಗಿದಳು, “ಭೂಮಿ ಮೇಲೆ ಗಾಳೀನೇ ಇಲ್ವಾ? ಉಸಿರಾಡೋದು ಹೇಗೆ ಜನ?”

ಮಗಳು ನಗಲಿಲ್ಲ. ಉಳಿದ ಕಟ್ಟನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ನಾಲ್ಕಾರು ಕಾರ್ಡು ಉಳಿದಿರಬಹುದು. ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲ ಕಾರ್ಡುಗಳ ಚಿತ್ರ, ಲೆಕ್ಕ ಇತ್ತು; ಅದನ್ನು ನೋಡಿದಳು. ಆಮೇಲೆ ಬಹಳ ನಿಧಾನವಾಗಿ ಕೇಳಿದಳು.

“ಅಮ್ಮ, ಕಾರ್ಡು ಜೋಡಿಸಿಟ್ಟಿದ್ದು ನೀನಲ್ವಾ?”

“ಹೂಂ, ನಾನೇ. ಯಾಕೆ?”

“ಗಾಳಿ ಕಾರ್ಡು ನಾಲ್ಕಿರಬೇಕು. ಇಲ್ಲಿ ಬರೆದಿದೆ. ಕಟ್ಟು ಮುಗೀತಾ ಬಂತು, ಒಂದೂ ಬಂದಿಲ್ಲ.”

“ಅಂಗಡಿಯವರು ಹಾಕೋದು ಮರೆತಿರಬೇಕು.”

“ಬೇರೆ ಎಲ್ಲಾ ಇದೆ. ಗಾಳಿ ಮಾತ್ರ ಮರೆತ್ರಾ?”

ತಾಯಿ ಕೈಯಲ್ಲಿದ್ದ ಕಾರ್ಡುಗಳನ್ನು ಮೇಜಿನ ಮೇಲೆ ಮಗುಚಿಟ್ಟಳು. “ಏನು ಹೇಳ್ತಾ ಇದೀಯಾ ನೀನು?”

“ನಿಂಗೆ ಆ ಚಿತ್ರ ನೋಡೋಕೂ ಆಗಲ್ಲ, ಅಲ್ವಾ? ಅದಕ್ಕೆ ತೆಗೆದಿಟ್ಟಿದೀಯಾ. ಆಟದಲ್ಲೂ ನನ್ನ ಕೆಲಸ ಇರಬಾರದು ನಿಂಗೆ.”

“ನನ್ನ ಬಾಳಿನಲ್ಲಿ ಒಂದು ಹತ್ತಿ ಉಂಡೆ ಕದ್ದಿಲ್ಲ ನಾನು” ಎಂದಳು ತಾಯಿ. ದನಿ ಏರಿರಲಿಲ್ಲ, ಅದೇ ಹೆದರಿಕೆ. “ಆಸ್ಪತ್ರೆಯ ಔಷಧಿ ಬೀರುವಿನ ಕೀ ನನ್ನ ಸೊಂಟದಲ್ಲಿರುತ್ತೆ. ನನ್ನ ಮಗಳು ನನ್ನ ಮನೇಲಿ ಕೂತು ನನ್ನ ಕಳ್ಳಿ ಅಂತಾಳೆ.”

“ಕಳ್ಳಿ ಅನ್ಲಿಲ್ಲ—”

“ಅಂದೆ.”

ಮಗಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲ ಹತ್ತಿರವಿದ್ದ ಬ್ಯಾಗಿಗೆ ಕೈ ಹಾಕಿದಳು. ಸಣ್ಣಮುಳ್ಳಿನ ಕಣ್ಣ ಮುಂದೆ ಅದೇ ಹಳೆಯ ದಿನ, ಅದೇ ಬ್ಯಾಗು. ಈಗ ಹೋದರೆ ಇವಳು ಮತ್ತೆ ಬರುವವಳಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವರ ಕೈ ತಾನಾಗಿಯೇ ಜೇಬಿನ ಮೇಲೆ ಹೋಗಿತ್ತು. ಅಕ್ಕ ಅದನ್ನು ನೋಡಿದಳು. ನೋಡಿ, ಜೀವಮಾನದಲ್ಲಿ ಮೊದಲ ಸಲ, ಸುಮ್ಮನಿದ್ದಳು.

“ನಾನು” ಎಂದರು ಸಣ್ಣಮುಳ್ಳು.

ಯಾರಿಗೂ ಕೇಳಿಸಲಿಲ್ಲ. ಕರವಸ್ತ್ರ ಎಳೆದರು; ಅದರ ಜೊತೆ ಒಂದು ಕಾರ್ಡು ನೆಲಕ್ಕೆ ಬಿತ್ತು. ಉಳಿದ ಮೂರನ್ನು ಮೇಜಿನ ಮೇಲೆ ಇಟ್ಟರು. “ನಾನು ತೆಗೆದಿಟ್ಟೆ. ಅವಳಿಗೆ ಗೊತ್ತಿಲ್ಲ. ಬ್ಯಾಗು ಇಡು ಪುಟ್ಟಿ.”

ಮಗಳು ಬಗ್ಗಿ ನೆಲದ ಮೇಲಿನ ಕಾರ್ಡು ಎತ್ತಿಕೊಂಡಳು.

“ಯಾಕಪ್ಪ?”

“ಆ ಮಾತು ಬರಬಾರದು ಅಂತ.”

“ಅಮ್ಮ ಒಪ್ಪಿದಾಳೆ ಅಂದ್ಯಲ್ಲ? ಮಾತು ಬಂದ್ರೆ ಏನಾಗುತ್ತೆ?”

“ಏನು ಒಪ್ಪಿದೀನಿ ನಾನು?” ಎಂದಳು ತಾಯಿ. “ಇವಳು ಆಫೀಸಿಗೆ ಬಂದ್ಲು, ಸಂತೋಷ ಅಂದೆ. ಅಷ್ಟೇ.”

“ಯಾವ ಆಫೀಸು? ನಾನು ಮೊನ್ನೆ ಶುಕ್ರವಾರ ಕೂಡ ಮೇಲಿದ್ದೆ.”

ಇಬ್ಬರೂ ಒಟ್ಟಿಗೆ ಸಣ್ಣಮುಳ್ಳಿನ ಕಡೆ ತಿರುಗಿದರು. ಎದುರಾಳಿಯೇ ಇಲ್ಲದ ಆಟಕ್ಕೆ ಕಡೆಗೂ ಒಬ್ಬ ಎದುರಾಳಿ ಸಿಕ್ಕಿದ್ದ.

“ಅಮ್ಮ, ಚಳಿಗಾಲದಲ್ಲಿ ನೀನು ಸ್ವೆಟರ್ ಕಳಿಸಿದ್ದೆ ಅಲ್ವಾ? ನೀಲಿ ಬಣ್ಣದ್ದು.”

“ಯಾವ ಸ್ವೆಟರ್?”

“ಪ್ರತಿವಾರ ನನ್ನ ವಿಚಾರಿಸ್ತಿದ್ದೆ ಅಂತ ಅಪ್ಪ...”

“ನೀನು ನನ್ನ ವಿಚಾರಿಸ್ತಿದ್ದೆ ಅಂತ ನಂಗೆ ಹೇಳ್ತಿದ್ರು.”

“ಅವನಿಗೆ ಇದು ಹೊಸದಾ?” ಅಕ್ಕ ಇನ್ನು ತಡೆಯಲಾರದೆ ಬಾಯಿಬಿಟ್ಟಳು. “ಆ ಕಾಲದಲ್ಲಿ ಇವಳು ಟ್ಯಾಂಕಿನ ಏಣಿಯಿಂದ ಬಿದ್ದು ಕೈ ಮುರ್ಕೊಂಡಾಗ ಮೆಟ್ಟಿಲು ಜಾರಿದ್ಲು ಅಂತ ನಿನಗೆ ಹೇಳಲಿಲ್ವಾ?”

ದೊಡ್ಡಮುಳ್ಳು ಗಂಡನನ್ನೇ ನೋಡುತ್ತ ಕೂತಳು. ಆಕೆ ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಆಕೆ ಬೈಯಲಿಲ್ಲ.

“ಎತ್ತರದಿಂದ ಬಿದ್ದವರು ಎಲ್ಲಿಗೆ ಬರ್ತಾರೆ ಗೊತ್ತಾ ನಿಮಗೆ?” ಎಂದಳು. “ನನ್ನ ವಾರ್ಡಿಗೆ. ಆಂಬುಲೆನ್ಸ್ ಬಾಗಿಲು ತೆಗೆದು ಬಟ್ಟೆ ಸರಿಸೋಳು ನಾನು. ಪ್ರತಿ ಸಲ, ಗಂಡಸೋ ಹೆಂಗಸೋ ನೋಡೋಕೆ ಮುಂಚೆ, ಇವಳ ಮುಖ ಇರುತ್ತೇನೋ ಅಂತ ಕೈ ನಡುಗೋದು. ಆಫೀಸು ಅಂದ್ರಲ್ಲ ನೀವು, ಅವತ್ತಿಂದ ನಡುಗಲಿಲ್ಲ. ನಿಶ್ಚಿಂತೆಯಾಗಿ ಬಟ್ಟೆ ಸರಿಸ್ತಿದ್ದೆ. ಅಷ್ಟು ದಿನವೂ ಇವಳು ಮೇಲೇ ಇದ್ಲು.”

“ನೀನು ನಿದ್ದೆ ಮಾಡ್ಲಿ ಅಂತ ಹೇಳಿದೆ ಕಣೇ” ಎಂದರು ಸಣ್ಣಮುಳ್ಳು. ಮಾತು ಅವರ ಕಿವಿಗೇ ಟೊಳ್ಳಾಗಿ ಕೇಳಿಸಿತು.

ಮಗಳು ಕುರ್ಚಿ ಎತ್ತಿ ನಿಲ್ಲಿಸಿ ಕೂತಳು. “ಅಪ್ಪ, ಒಂದು ಕೇಳ್ತೀನಿ. ನಿಜ ಹೇಳು. ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಮಧ್ಯಾಹ್ನ ನಿಂಗೆ ಫೋನ್ ಮಾಡಿದ್ದೆ. ನೆನಪಿದೆಯಾ?”

ನೆನಪಿತ್ತು.

“ಇದ್ದಕ್ಕಿದ್ದ ಹಾಗೆ ಗಾಳಿ ಎದ್ದಿತ್ತು ಅಮ್ಮ” ಎಂದು ಅವಳು ತಾಯಿಯ ಕಡೆ ತಿರುಗಿದಳು. “ಕೆಳಗೆ ಇಳಿಯೋ ಹಾಗಿಲ್ಲ. ನಾನು, ಇನ್ನೊಬ್ಬರು ಕೆಲಸದವರು, ಇಬ್ಬರೇ ಮೇಲಿನ ಕೋಣೇಲಿ. ಇಡೀ ಕಂಬ ತೂಗಾಡ್ತಿತ್ತು. ನಂಗೆ ನಿನ್ನ ದನಿ ಕೇಳ್ಬೇಕು ಅನ್ನಿಸ್ತು. ಫೋನ್ ಕೊಡು ಅಂದೆ. ಅಮ್ಮ ಡ್ಯೂಟೀಲಿದಾಳೆ ಅಂದ ಅಪ್ಪ. ಇದ್ದೆಯಾ?”

ತಾಯಿ ಗಂಡನ ಕಡೆ ನೋಡಿದಳು. ಉತ್ತರ ಯಾರು ಕೊಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಉಗುಳುವಂತಿಲ್ಲ, ನುಂಗುವಂತಿಲ್ಲ. ಸಣ್ಣಮುಳ್ಳು ಮೇಜಿನ ಅಂಚು ಹಿಡಿದುಕೊಂಡರು. “ಇಲ್ಲೇ ಇದ್ಲು. ಈ ಕುರ್ಚೀಲೇ ಕೂತಿದ್ಲು. ಕೊಟ್ರೆ ಎಲ್ಲಿ ಆಫೀಸಿನ ಮಾತು ಹೊರಗೆ ಬರುತ್ತೋ ಅಂತ ಕೊಡಲಿಲ್ಲ.”

ದೊಡ್ಡಮುಳ್ಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಮಗಳೂ ಎದ್ದು ಹೋ‌ದಳು. ಮೊದಲು ಎರಡೂ ದನಿ ಜೋರಾಗಿ ಕೇಳಿಸಿದವು, ಆಮೇಲೆ ಒಂದು, ಆಮೇಲೆ ಯಾವುದೂ ಇಲ್ಲ. ಸಣ್ಣಮುಳ್ಳು ಎದ್ದು ಹೋಗಲು ನೋಡಿದರು; ಅಕ್ಕ ಅವರ ಅಂಗಿಯ ತುದಿ ಹಿಡಿದು ಕೂರಿಸಿದಳು. “ಸಾಕು ಬಿಡೋ, ನೀನು ನಡುವೆ ನಿಂತಿದ್ದು.”

ಅವರಿಬ್ಬರೂ ಹೊರಗೆ ಬಂದಾಗ ತಾಯಿಯ ಕಣ್ಣು ಕೆಂಪಾಗಿತ್ತು, ಬಾಯಲ್ಲಿ ಮಾತ್ರ ಪ್ರಶ್ನೆಗಳ ಸರಮಾಲೆ. ಕೊಕ್ಕೆ ಎಷ್ಟು? ಎರಡು, ಒಂದನ್ನು ಸಿಕ್ಕಿಸದೆ ಇನ್ನೊಂದನ್ನು ಬಿಡುವ ಹಾಗಿಲ್ಲ. ಹಗ್ಗ ಪರೀಕ್ಷೆ ಮಾಡೋರು ಯಾರು? ಜೊತೆಯವರದ್ದನ್ನು ನಾನು, ನನ್ನದನ್ನು ಅವರು. ಹತ್ತಿರದ ಆಸ್ಪತ್ರೆ ಎಷ್ಟು ದೂರ? “ದೂರ ಇದೆ ಅಮ್ಮ” ಎಂದಳು ಮಗಳು.

“ನಾನು ಒಪ್ಪಿಲ್ಲ. ತಿಳ್ಕೋ” ಎಂದಳು ತಾಯಿ.

“ತಿಳ್ಕೊಂಡೆ.”

“ಕೂತ್ಕೊಳ್ಳಿ ಎಲ್ಲರೂ. ಅರ್ಧಕ್ಕೆ ಬಿಟ್ಟು ಹೋಗೋ ಅಭ್ಯಾಸ ನನಗಿಲ್ಲ.”

ನಾಲ್ಕು ಗಾಳಿಯ ಕಾರ್ಡುಗಳನ್ನೂ ಕಟ್ಟಿಗೆ ಸೇರಿಸಿ ಕಲಸಿದರು. ಈ ಸಲ ದೊಡ್ಡಮುಳ್ಳು ಯಾರಿಗೂ ಅಪ್ಪಣೆ ಕೊಡಲಿಲ್ಲ. ಆಜ್ಞೆ ಇಲ್ಲದೆ ಆಡಲು ಸಣ್ಣಮುಳ್ಳಿಗೆ ಕಷ್ಟವೇ ಆಯಿತು. ಗಾಳಿಯ ಮೊದಲ ಕಾರ್ಡು ಬಂದದ್ದು ತಾಯಿಯ ಕೈಗೆ. ಆಕೆ ಅದನ್ನು ಬಹಳ ಹೊತ್ತು ಹಿಡಿದಿದ್ದಳು. ಹೆಬ್ಬೆರಳಿನಿಂದ ಹಳದಿ ಹೆಲ್ಮೆಟ್ಟನ್ನು ಮುಚ್ಚಿದಳು, ತೆರೆದಳು. ಆಮೇಲೆ ಮಗಳ ಭಾಗದಲ್ಲಿ ಇಟ್ಟಳು. ಮುಂದಿನ ಸುತ್ತಿನಲ್ಲಿ ಇನ್ನೆರಡು ಬಂದವು. ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಮಣಿ ತುದಿಯಿಂದ ಒಂದೇ ಮನೆ ಕೆಳಗೆ ನಿಂತಿತ್ತು. ನಾಲ್ವರೂ ಎದ್ದು ನಿಂತೇ ಆಡುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ಕಾಡಿನ ಕಾರ್ಡುಗಳೆಲ್ಲ ಮುಗಿದಿದ್ದವು. ಅಕ್ಕನ ಭಾಗದಲ್ಲಿ ಬರ ಬಂತು, ಒಂದು ಗೂಟ ಉಳಿದೇ ಉಳಿಯಿತು, ಮಣಿ ತುದಿ ಮುಟ್ಟಿತು.

“ಮೊದಲೇ ಇದ್ದಿದ್ರೆ ಗೆಲ್ತಿದ್ವಿ” ಎಂದಳು ಮಗಳು. ಕೋಪದಿಂದಲ್ಲ, ಲೆಕ್ಕ ಹೇಳುವವರ ಹಾಗೆ. ಅದು ಸಣ್ಣಮುಳ್ಳಿಗೆ ಬೈಗುಳಕ್ಕಿಂತ ಆಳವಾಗಿ ನಾಟಿತು.

ಬಸ್ ನಿಲ್ದಾಣಕ್ಕೆ ಬಿಡಲು ಹೋದದ್ದು ತಾಯಿ. ಇವರನ್ನು ಕರೆಯಲಿಲ್ಲ.

ಅಲ್ಲಿಂದ ಮುಂದೆ ಅವರ ಅಂಚೆ ಕೆಲಸ ನಿಂತುಹೋಯಿತು. ಹೆಂಡತಿ ಕೆಲವು ದಿನ ಅವರೊಂದಿಗೆ ಬೇಕಾದಷ್ಟೇ ಮಾತಾಡಿದಳು. ಏನು ಹೇಳಿದರೂ “ನಿಜವಾ?” ಎನ್ನುವಳು, ಅಂಗಡಿಯಿಂದ ಬಂದು ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಚಾಚಿ ನೋಡುವಳು. ಅವರು ಸಹಿಸಿಕೊಂಡರು. ಮಗಳೂ ತಾಯಿಯೂ ಈಗ ನೇರವಾಗಿ ಫೋನು ಮಾಡಿಕೊಂಡು ನೇರವಾಗಿಯೇ ಜಗಳವಾಡುತ್ತಿದ್ದರು. ಗೋಡೆಯಾಚೆಯಿಂದ ಆ ಜಗಳ ಕೇಳುವಾಗ ಎದ್ದು ಹೋಗಿ ಸರಿಮಾಡಬೇಕೆಂದು ಅವರ ಕಾಲು ತುಡಿಯುತ್ತಿತ್ತು. ಹೋಗುತ್ತಿರಲಿಲ್ಲ. ಜಗಳ ಮುಗಿದ ಮೇಲೂ ಇಬ್ಬರೂ ಬದುಕಿಯೇ ಇರುತ್ತಾರೆ ಎಂಬುದು ಆ ವಯಸ್ಸಿನಲ್ಲಿ ಅವರಿಗೆ ಹೊಸ ಸುದ್ದಿ.

ಚಳಿ ಶುರುವಾಗುವ ಹೊತ್ತಿಗೆ ಒಂದು ದಿನ ಹೆಂಡತಿ ರಜೆ ಹಾಕಿದಳು. “ಹೊರಡಿ. ಆ ಕಂಬ ನೋಡಬೇಕು ನಾನು.”

ಬಯಲಿನಲ್ಲಿ ಬಸ್ಸಿಳಿದಾಗ ಮೊದಲು ಕೇಳಿಸಿದ್ದು ರೆಕ್ಕೆಗಳ ಸದ್ದು, ಯಾರೋ ದೊಡ್ಡ ಬಟ್ಟೆ ಒಗೆದು ಜಾಡಿಸುವ ಹಾಗೆ. ಆಕೆ ತಲೆಯೆತ್ತದೆ ನೇರವಾಗಿ ಕೆಲಸದವರ ಕೋಣೆಗೆ ಹೋಗಿ ಪ್ರಥಮ ಚಿಕಿತ್ಸೆಯ ಡಬ್ಬ ತರಿಸಿದಳು. ಅವಧಿ ಮೀರಿದ ಮುಲಾಮು, ತುಕ್ಕು ಹಿಡಿದ ಕತ್ತರಿ. ಮೇಲ್ವಿಚಾರಕರನ್ನು ಎದುರಿಗೆ ನಿಲ್ಲಿಸಿಕೊಂಡು ಆಕೆ ಆಡಿದ ಮಾತಿಗೆ ಅವರು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡರು. ಮಗಳ ಜೊತೆ ಮೇಲೆ ಹೋಗುವವರನ್ನು ಕರೆದು ಕೈ ನೋಡಿದಳು, ಕಣ್ಣು ನೋಡಿದಳು. “ರಾತ್ರಿ ಸರಿಯಾಗಿ ನಿದ್ದೆ ಮಾಡ್ತೀರಾ?” ಎಂದು ಕೇಳಿದಳು.

ಆಮೇಲೆ ಮಗಳು ಹತ್ತಿದಳು. ಕಂಬದ ಒಳಗಿನ ಏಣಿಯಾದ್ದರಿಂದ ಕಾಣಿಸುತ್ತಿರಲಿಲ್ಲ. ಅದೇ ಇನ್ನೂ ಕಷ್ಟ. ಆ ಕಂಬದ ರೆಕ್ಕೆಗಳನ್ನು ನಿಲ್ಲಿಸಿದ್ದರು. ಇಬ್ಬರೂ ಒಣ ಹುಲ್ಲಿನ ಮೇಲೆ ಕತ್ತು ಎತ್ತಿ ನಿಂತರು. ಹೊತ್ತು ಕಳೆಯಿತು. ಮೇಲೆ ಏನೂ ಆಗುತ್ತಿರಲಿಲ್ಲ.

“ರೀ” ಎಂದಳು ಹೆಂಡತಿ, ಕಣ್ಣು ಕೀಳದೆ. “ನಿಮಗೆ ಹೆದರಿಕೆ ಆಗ್ತಿದೆಯಾ?”

ಇಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಎಷ್ಟೋ ವರ್ಷಗಳಿಂದ ಅದು ತಾನಾಗಿಯೇ ಬರುತ್ತಿತ್ತು.

“ಆಗ್ತಿದೆ” ಎಂದರು. “ತುಂಬಾ ಆಗ್ತಿದೆ.”

“ಸದ್ಯ” ಎಂದಳು ಆಕೆ. “ನಾನೊಬ್ಬಳೇ ಅಂತ ತಿಳ್ಕೊಂಡಿದ್ದೆ.”

ತುದಿಯ ಕೋಣೆಯ ಮೇಲ್ಬಾಗಿಲು ತೆರೆಯಿತು. ಹಳದಿ ಚುಕ್ಕೆಯೊಂದು ಹೊರಗೆ ಬಂತು, ನಿಂತಿತು. ಅದರ ಪಕ್ಕದಿಂದ ಕೂದಲೆಳೆಯಷ್ಟು ತೆಳ್ಳಗಿನ ಏನೋ ಮೇಲೆದ್ದು ಆ ಕಡೆ ಈ ಕಡೆ ಆಡಿತು. ಮಗಳು ಕೈ ಬೀಸುತ್ತಿದ್ದಳು.

ಸಣ್ಣಮುಳ್ಳು ಎರಡೂ ಕೈಯೆತ್ತಿ ಬೀಸಿದರು. ಹೆಂಡತಿ ಬೀಸಲಿಲ್ಲ. ಸೊಂಟಕ್ಕೆ ಕೈಯಿಟ್ಟು, ಹಲ್ಲು ಕಚ್ಚಿಕೊಂಡು ನಿಂತಿದ್ದಳು.

“ಹಿಡ್ಕೊಳ್ಳೋದು ಬಿಟ್ಟು ಕೈ ಬೀಸ್ತಾಳಲ್ರೀ ಇವಳು! ಇಳಿದು ಬರ್ಲಿ, ಮಾಡ್ತೀನಿ.”